ಆರೈಕೆ ಬೇಡ ಅಂದವರು ಯಾರು?

ಅತ್ತೆ: (ಫಾರ್ವರ್ಡ್ ಆದ ಸಂದೇಶ) ಆರ್ಕಿಡ್ ಬೆಳೆಸುವವರಿಗೆ ಸಿಹಿ ಸುದ್ದಿ! ಕುಂಡ ಬೇಡ, ಮಣ್ಣು ಬೇಡ, ಗೊಬ್ಬರ ಬೇಡ, ಆರೈಕೆಯೂ ಬೇಡ. ಗಿಡವನ್ನು ಕುಂಡದಿಂದ ತೆಗೆದು ಮರದ ತುಂಡಿಗೆ ಕಟ್ಟಿ ಗೋಡೆಗೆ ನೇತುಹಾಕಿ. ವಾರಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಕು. ಗಾಳಿಯಿಂದಲೇ ಆಹಾರ ತೆಗೆದುಕೊಳ್ಳುತ್ತದೆ. ಎಲ್ಲರಿಗೂ ಕಳುಹಿಸಿ.

ಅತ್ತೆ: ಜೊತೆಗಿರುವ ಫೋಟೊ ನೋಡಿ, ಎಷ್ಟು ಚೆಂದ ಇದೆ.

ಅಕ್ಕ: ಅಯ್ಯೋ, ಮೊದಲೇ ಗೊತ್ತಿದ್ದರೆ! ನನ್ನ ಫಲನಾಪ್ಸಿಸ್ ಆರ್ಕಿಡ್ ಆರು ತಿಂಗಳಿಂದ ಕುಂಡದಲ್ಲಿ ಸುಮ್ನೆ ಕೂತಿದೆ. ಹೂವೂ ಇಲ್ಲ, ಹೊಸ ಎಲೆಯೂ ಇಲ್ಲ. ನಾಳೆ ಬೆಳಿಗ್ಗೆನೇ ಕಟ್ಟುತ್ತೇನೆ.

ನಾನು: ಅಕ್ಕಾ, ನಾಳೆ ಬೇಡ. ದಯವಿಟ್ಟು ಸ್ವಲ್ಪ ತಡೆ. ಮರದ ತುಂಡಿಗೆ ಕಟ್ಟಬಹುದು ಅನ್ನುವ ಮಾತು ನಿಜ. ಉಳಿದ ಸಾಲುಗಳನ್ನು ನಂಬಿದರೆ ಗಿಡ ಸಾಯುತ್ತದೆ.

ಅತ್ತೆ: ಸಾಯುತ್ತದೆ ಅಂದರೆ? ಫೋಟೊದಲ್ಲಿ ಗಿಡ ಎಷ್ಟು ಲಕ್ಷಣವಾಗಿದೆ ನೋಡು.

ನಾನು: ಅತ್ತೆ, ಫೋಟೊ ಸ್ವಲ್ಪ ದೊಡ್ಡದು ಮಾಡಿ ನೋಡಿ. ದಾರ ಹೊಸದು. ಬೇರುಗಳೆಲ್ಲ ಕುಂಡದ ಆಕಾರಕ್ಕೇ ಸುತ್ತಿಕೊಂಡಿವೆ. ಒಂದೇ ಒಂದು ಬೇರೂ ಮರಕ್ಕೆ ಅಂಟಿಲ್ಲ. ಅಂದರೆ ಕಟ್ಟಿದ ದಿನವೇ ತೆಗೆದ ಫೋಟೊ ಅದು. ಮೂರು ತಿಂಗಳ ನಂತರದ ಫೋಟೊ ಯಾಕೆ ಹಾಕಿಲ್ಲ?

ಅತ್ತೆ: ಹೌದಲ್ಲ, ಬೇರು ಗುಂಡಗೆ ಸುತ್ತಿಕೊಂಡಿದೆ. ನಾನು ಹೂವನ್ನಷ್ಟೇ ನೋಡಿದ್ದೆ.

ಚಿಕ್ಕಪ್ಪ: ನಾನು ಮೊದಲಿಂದ ಹೇಳುತ್ತಿರುವುದು ಇದನ್ನೇ. ಇದು ಬಂದಳಿಕೆ ಜಾತಿಯ ಗಿಡ. ಜೀವಂತ ಮರದ ರಸ ಕುಡಿದು ಬದುಕುತ್ತದೆ. ಒಣ ತುಂಡಿಗೆ ಕಟ್ಟಿದರೆ ಎಲ್ಲಿಂದ ರಸ ಸಿಗಬೇಕು? ಕುಂಡವೇ ಸರಿ.

ನಾನು: ಚಿಕ್ಕಪ್ಪ, ಇದು ಬಂದಳಿಕೆ ಅಲ್ಲ. ಬಂದಳಿಕೆಯ ಬೇರು ಮರದ ಒಳಗೆ ಇಳಿದು ರಸ ಹೀರುತ್ತದೆ. ಆರ್ಕಿಡ್ ಬೇರು ತೊಗಟೆಯ ಮೇಲೆ ಅಂಟಿಕೊಂಡಿರುತ್ತದೆ, ಅಷ್ಟೇ. ಮರ ಅದಕ್ಕೆ ಕೂರುವ ಜಾಗ. ಮಳೆ, ಮಂಜು, ತೊಗಟೆ ಮೇಲೆ ಹರಿದು ಬರುವ ನೀರು, ಕೊಳೆತ ಎಲೆಚೂರು, ಹಕ್ಕಿ ಹಿಕ್ಕೆ. ಊಟ ಬರುವುದು ಇವುಗಳಿಂದ. ಆರ್ಕಿಡ್ ಕುಟುಂಬದಲ್ಲಿ ಸುಮಾರು 28,000 ಪ್ರಭೇದಗಳಿವೆ. ಅವುಗಳಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಹೀಗೆ ಮರದ ಮೇಲೆ ಬದುಕುವಂಥವು.

ಭಾವ: ಹಾಗಾದರೆ ಫಾರ್ವರ್ಡ್ ಸರಿಯೇ ಇದೆಯಲ್ಲ. ಕಾಡಿನಲ್ಲಿ ಅವಕ್ಕೆ ಯಾರು ನೀರು ಹಾಕುತ್ತಾರೆ? ಯಾರು ಗೊಬ್ಬರ ಕೊಡುತ್ತಾರೆ?

ನಾನು: ಭಾವ, ಕಾಡಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬದುಕಿ ಉಳಿದವು ಮಾತ್ರ. ಆರ್ಕಿಡ್‌ನ ಒಂದು ಕಾಯಿಯಲ್ಲಿ ಧೂಳಿನಂಥ ಬೀಜ ಲಕ್ಷಗಟ್ಟಲೆ ಇರಬಹುದು. ಒಂದೆರಡು ಗಿಡವಾದರೆ ದೊಡ್ಡದು. ಸರಿಯಾದ ಕೊಂಬೆ, ಸರಿಯಾದ ನೆರಳು, ದಿನಾ ಇಬ್ಬನಿ ಬೀಳುವ ಜಾಗ ಸಿಕ್ಕಿದ್ದು ಬದುಕಿತು. ಅಕ್ಕನ ಮನೆಯಲ್ಲಿ ಇರುವುದು ಒಂದೇ ಗಿಡ. ಫ್ಯಾನ್ ತಿರುಗುವ ಕೋಣೆಯಲ್ಲಿ ಇಬ್ಬನಿ ಬೀಳುವುದಿಲ್ಲ.

ಭಾವ: ಅದು ಒಪ್ಪುವ ಮಾತು. ಆದರೆ ವಾರಕ್ಕೊಮ್ಮೆ ಸಾಲದು ಅಂತ ಅಷ್ಟು ಖಡಾಖಂಡಿತವಾಗಿ ಹೇಗೆ ಹೇಳುತ್ತೀಯ?

ನಾನು: ನನ್ನ ಮಾತು ನಂಬಬೇಡಿ, ಗಿಡವನ್ನೇ ಕೇಳೋಣ. ಅಕ್ಕಾ, ನಿನ್ನ ಕುಂಡದಿಂದ ಹೊರಗೆ ಇಳಿಬಿದ್ದ ಬೇರು ಇದೆಯಾ?

ಅಕ್ಕ: ಎರಡಿವೆ. ಬೂದಿ ಬಳಿದ ಹಾಗೆ ಬಿಳಿ ಬಿಳಿ. ಸತ್ತಿವೆ ಅಂತ ಕತ್ತರಿಸಬೇಕು ಅಂದುಕೊಂಡಿದ್ದೆ.

ನಾನು: ಕತ್ತರಿಸಬೇಡ! ಮೆಲ್ಲಗೆ ಒತ್ತಿ ನೋಡು. ಗಟ್ಟಿ ಇದ್ದರೆ ಜೀವ ಇದೆ. ಒಳಗೆ ಟೊಳ್ಳಾಗಿ ಕಾಗದದ ಹಾಗೆ ಚಪ್ಪಟೆಯಾದರೆ ಮಾತ್ರ ಸತ್ತಿದೆ.

ಅಕ್ಕ: ಗಟ್ಟಿ ಇವೆ.

ನಾನು: ಈಗ ಒಂದು ಬೇರಿನ ಮೇಲೆ ಚಮಚದಲ್ಲಿ ನೀರು ಬಿಡುತ್ತಾ ಇರು. ಇನ್ನೊಂದಕ್ಕೆ ಬಾಟಲಿಯಿಂದ ಒಂದೇ ಸಲ ಚಿಮುಕಿಸು. ಎರಡನ್ನೂ ನೋಡುತ್ತಾ ಕೂರು.

ಅಕ್ಕ: ಸರಿ, ಇರಿ.

ಅಕ್ಕ: ಅಬ್ಬಾ! ನೀರು ಬಿದ್ದ ಕಡೆಯಿಂದ ಹಸಿರು ಹರಿದುಕೊಂಡು ಹೋಯಿತು! ನನ್ನ ಕಣ್ಣೆದುರಿಗೇ. ಮೊದಲು ಚುಕ್ಕಿ ಚುಕ್ಕಿ, ಆಮೇಲೆ ಇಡೀ ಬೇರು ಎಳೆ ಹುರುಳಿಕಾಯಿಯ ಬಣ್ಣ. ಚಿಮುಕಿಸಿದ ಬೇರಿನಲ್ಲಿ ಅಲ್ಲಲ್ಲಿ ಮಾತ್ರ ಹಸಿರು, ಉಳಿದದ್ದು ಬಿಳಿ.

ನಾನು: ಆ ಬಿಳಿ ಪದರಕ್ಕೆ ವೆಲಾಮೆನ್ ಅನ್ನುತ್ತಾರೆ. ಅದರ ಕೋಶಗಳು ಸತ್ತು ಖಾಲಿಯಾಗಿರುತ್ತವೆ, ಸ್ಪಂಜಿನ ಹಾಗೆ. ಒಣಗಿದ್ದಾಗ ಒಳಗೆ ಗಾಳಿ ತುಂಬಿ ಬೆಳ್ಳಗೆ ಕಾಣುತ್ತದೆ. ನೀರು ತುಂಬಿದರೆ ಗಾಜಿನಂತಾಗಿ ಅದರ ಹಿಂದಿರುವ ಹಸಿರು ಕಾಣುತ್ತದೆ. ಹೌದು, ಬೇರಿನೊಳಗೂ ಹಸಿರಿದೆ. ಎಲೆಯೇ ಇಲ್ಲದ ಆರ್ಕಿಡ್‌ಗಳೂ ಇವೆ, ಬೇರಿನಿಂದಲೇ ಬಿಸಿಲು ಹಿಡಿದು ಬದುಕುತ್ತವೆ. ಈಗ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ ಹೇಳು.

ತಮ್ಮ: ಇಷ್ಟೆಲ್ಲ ಯಾಕೆ? ಮುಂದಿನ ತಿಂಗಳು ಚಾರಣಕ್ಕೆ ಹೋಗುತ್ತಿದ್ದೇನೆ. ಮರದ ಮೇಲೆ ಬೇಕಾದಷ್ಟಿರುತ್ತವೆ. ತೊಗಟೆ ಸಮೇತ ಕಿತ್ತು ತರುತ್ತೇನೆ. ಕಟ್ಟುವ ಕೆಲಸವೂ ಉಳಿಯಿತು.

ನಾನು: ಅದು ಮಾತ್ರ ಬೇಡವೇ ಬೇಡ. ನಿನಗೆ ಕಾಣುವ ಒಂದು ಗಿಡ ಆ ಗಾತ್ರಕ್ಕೆ ಬರಲು ಎಷ್ಟೋ ವರ್ಷ ಹಿಡಿದಿರುತ್ತದೆ. ಇಡೀ ಆರ್ಕಿಡ್ ಕುಟುಂಬವೇ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಅಳಿವಿನ ಅಂಚಿಗೆ ಹೋಗುವ ಜೀವಿಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ 1973ರಲ್ಲಿ ಹಾಕಿದ ಕಡಿವಾಣ ಅದು. ಕಾಡಿನಿಂದ ಕಿತ್ತು ಕಿತ್ತೇ ಎಷ್ಟೋ ಜಾತಿಗಳು ಅಪರೂಪವಾದವು.

ತಮ್ಮ: ಮತ್ತೆ ಮಾರುವವರಿಗೆ ಎಲ್ಲಿಂದ ಬರುತ್ತವೆ?

ನಾನು: ಪ್ರಯೋಗಾಲಯದ ಸೀಸೆಗಳಿಂದ. ಆರ್ಕಿಡ್ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇರುವುದಿಲ್ಲ. ಒಂದು ಶಿಲೀಂಧ್ರ ಬಂದು ಉಣಿಸಬೇಕು. ಇದನ್ನು 1899ರಲ್ಲಿ ಕಂಡುಕೊಂಡವರು ಫ್ರಾನ್ಸಿನ ನೋಯೆಲ್ ಬರ್ನಾರ್ಡ್. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ಬದಲು ಸಕ್ಕರೆ ಕೊಟ್ಟು ಸೀಸೆಯಲ್ಲೇ ಮೊಳಕೆ ಬರಿಸಿದರು. ಆಮೇಲೆ ಕಾಡಿಗೆ ಕೈ ಹಾಕುವ ಅಗತ್ಯವೇ ಉಳಿಯಲಿಲ್ಲ. ಚಿಕ್ಕಪ್ಪ, ನಿಮ್ಮ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ. ಆರ್ಕಿಡ್ ಮರಿಯಾಗಿದ್ದಾಗ ಇನ್ನೊಬ್ಬರ ಊಟ ಉಣ್ಣುತ್ತದೆ. ಆದರೆ ಮರದ್ದಲ್ಲ, ಆ ಶಿಲೀಂಧ್ರದ್ದು.

ಚಿಕ್ಕಪ್ಪ: ಅದು ಗೊತ್ತಿರಲಿಲ್ಲ.

ತಮ್ಮ: ಸರಿ, ಕೀಳುವುದಿಲ್ಲ. ಫೋಟೊ ಮಾತ್ರ ತೆಗೆದು ತರುತ್ತೇನೆ.

ಅಕ್ಕ: ಅರ್ಧ ಗಂಟೆ ಆಯಿತು. ಚಿಮುಕಿಸಿದ ಬೇರು ಪೂರ್ತಿ ಬಿಳಿಯಾಗಿದೆ. ಚಮಚದ ನೀರು ಕುಡಿದದ್ದು ಇನ್ನೂ ತಿಳಿ ಹಸಿರಿದೆ.

ನಾನು: ಭಾವ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತಲ್ವಾ? ಚಿಮುಕಿಸಿದ್ದು ಅರ್ಧ ಗಂಟೆ ಬಾಳಲಿಲ್ಲ. ಉಳಿದ ಆರು ದಿನ ಇಪ್ಪತ್ಮೂರುವರೆ ಗಂಟೆ ಆ ಗಿಡ ಏನು ಕುಡಿಯಬೇಕು?

ಭಾವ: ಒಪ್ಪಿದೆ. ಮತ್ತೆ ಎಷ್ಟು ಹಾಕಬೇಕು?

ನಾನು: ನಾನು ದಿನಾ ಬೆಳಿಗ್ಗೆ ತುಂಡಿನ ಸಮೇತ ಬಕೆಟ್ ನೀರಿಗೆ ಇಳಿಸುತ್ತೇನೆ. ಹತ್ತು ನಿಮಿಷ. ಬೇರುಗಳೆಲ್ಲ ಹಸಿರಾದ ಮೇಲೆ ತೆಗೆದು ನೇತುಹಾಕುತ್ತೇನೆ. ಸಂಜೆಯೊಳಗೆ ಬೇರು ಮತ್ತೆ ಬೆಳ್ಳಗಾಗಬೇಕು. ಬೇಸಿಗೆಯಲ್ಲಿ ಎರಡು ಸಲ. ಮಳೆ ಹಿಡಿದ ದಿನಗಳಲ್ಲಿ ಬೇರು ನೋಡಿ ಬಿಡುತ್ತೇನೆ. ಗೊಬ್ಬರವೂ ಬೇಕು, ಪೊಟ್ಟಣದಲ್ಲಿ ಬರೆದದ್ದರ ಕಾಲು ಭಾಗ, ವಾರಕ್ಕೊಮ್ಮೆ. ಮೊದಲು ಬರಿ ನೀರಿನಲ್ಲಿ ನೆನೆಸಿ ಆಮೇಲೆ ಗೊಬ್ಬರದ ನೀರು. ಇಲ್ಲದಿದ್ದರೆ ಒಣ ಬೇರಿನ ತುದಿ ಸುಡುತ್ತದೆ. ಗಡಸು ನೀರಾದರೆ ತುಂಡಿನ ಮೇಲೆ ಬಿಳಿ ಉಪ್ಪು ಕೂರುತ್ತದೆ. ಆಗ ಮಳೆ ನೀರು ಹಿಡಿದಿಟ್ಟುಕೊಳ್ಳುವುದು ಒಳ್ಳೆಯದು.

ಚಿಕ್ಕಪ್ಪ: ದಿನಾ ಬಕೆಟ್ಟಾ? ಇಷ್ಟು ಕಷ್ಟಪಟ್ಟು ಯಾಕಪ್ಪ ಕಟ್ಟಬೇಕು? ನನ್ನ ಡೆಂಡ್ರೋಬಿಯಂ ಆರ್ಕಿಡ್ ಕುಂಡದಲ್ಲಿ ಇದ್ದಿಲು, ತೊಗಟೆ ಚೂರಿನಲ್ಲಿ ಆರಾಮಾಗಿದೆ. ಮೂರು ದಿನಕ್ಕೊಮ್ಮೆ ನೀರು. ಊರಿಗೆ ಹೋಗಿ ಬಂದರೂ ಚಿಂತೆ ಇಲ್ಲ.

ನಾನು: ನಿಮಗೆ ಕುಂಡವೇ ಸರಿ ಚಿಕ್ಕಪ್ಪ, ಅದರಲ್ಲಿ ವಾದವೇ ಇಲ್ಲ. ಕುಂಡದ ಆರ್ಕಿಡ್ ಜಾಸ್ತಿ ಸಾಯುವುದು ಬೇರು ಕೊಳೆತು. ತುಂಡಿನ ಆರ್ಕಿಡ್ ಸಾಯುವುದು ಒಣಗಿ. ಮನೆಯಲ್ಲಿ ದಿನಾ ಯಾರಾದರೂ ಇದ್ದು ನೀರು ತೋರಿಸುತ್ತಾರಾ ಅನ್ನುವುದರ ಮೇಲೆ ತೀರ್ಮಾನ ಮಾಡಬೇಕು. ನಾನು ಕಟ್ಟುವುದು ಬೇರು ನೋಡುವ ಆಸೆಗೆ. ಕುಂಡದಲ್ಲಿ ಏನಾಗುತ್ತಿದೆ ಅಂತ ಗಿಡ ಬಾಡಿದ ಮೇಲೆ ಗೊತ್ತಾಗುತ್ತದೆ. ತುಂಡಿನ ಮೇಲೆ ಎಲ್ಲವೂ ಕಣ್ಣೆದುರಿಗೇ. ಬೇರಿನ ಹಸಿರು ತುದಿ ತೊಗಟೆಯ ಬಿರುಕು ಹುಡುಕಿಕೊಂಡು ಹೋಗುತ್ತದೆ, ಅಂಟುತ್ತದೆ, ಚಪ್ಪಟೆಯಾಗುತ್ತದೆ. ಅದನ್ನು ನೋಡದೆ ನನ್ನ ಬೆಳಗು ಶುರುವಾಗುವುದಿಲ್ಲ.

ಅಕ್ಕ: ನಾನು ಮನೆಯಲ್ಲೇ ಇರುತ್ತೇನೆ. ದಿನಾ ನೀರು ಹಾಕುತ್ತೇನೆ. ಈಗ ಕಟ್ಟಬಹುದಾ?

ನಾನು: ಹೊಸ ಬೇರು ಬರುವವರೆಗೆ ಕಾಯಿ. ಹಳೆ ಬೇರು ಎಷ್ಟು ಉದ್ದ ಇದ್ದರೂ ಮರಕ್ಕೆ ಅಂಟುವುದಿಲ್ಲ. ಅಂಟುವುದು ಬೆಳೆಯುತ್ತಿರುವ ಬೇರು ಮಾತ್ರ. ಬುಡದಲ್ಲಿ ಹಸಿರು ತುದಿಯ ಹೊಸ ಬೇರು ಕಂಡಾಗ ಕಟ್ಟಿದರೆ ನೇರವಾಗಿ ಮರ ಹಿಡಿಯುತ್ತದೆ. ತುದಿಗೆ ಮಾತ್ರ ಕೈ ತಾಗಿಸಬೇಡ, ಎಳೆಯದು, ಮುರಿಯುತ್ತದೆ.

ಭಾವ: ಯಾವ ಮರ? ಯಾವ ದಾರ? ನನ್ನ ಹತ್ತಿರ ತಾಮ್ರದ ತಂತಿ ಸುರುಳಿ ಬಿದ್ದಿದೆ.

ನಾನು: ತಾಮ್ರ ಬೇಡ ಭಾವ. ಆರ್ಕಿಡ್ ಬೇರಿಗೆ ಅದು ವಿಷ. ಮೀನು ಹಿಡಿಯುವ ನೈಲಾನ್ ದಾರ ಅಥವಾ ಹತ್ತಿ ದಾರ ಸಾಕು. ಮರದ ತುಂಡು ಬೇಗ ಕೊಳೆಯಬಾರದು, ಮೈ ಒರಟಾಗಿರಬೇಕು. ಕಾರ್ಕ್ ತೊಗಟೆ ತುಂಬ ಒಳ್ಳೆಯದು. ಬಣ್ಣ, ವಾರ್ನಿಷ್, ಗೆದ್ದಲಿನ ಔಷಧಿ ಹೊಡೆದ ಮರ ಬೇಡ. ಸಮುದ್ರದಲ್ಲಿ ತೇಲಿ ಬಂದದ್ದರಲ್ಲಿ ಉಪ್ಪಿರುತ್ತದೆ.

ನಾನು: ಇನ್ನೊಂದು, ಇದು ನನ್ನ ಕೈಯಾರೆ ಆದದ್ದು. ಮೊದಲ ಡೆಂಡ್ರೋಬಿಯಂ ಕಟ್ಟುವಾಗ ಗಿಡಕ್ಕೆ ನೋವಾಗುತ್ತದೇನೋ ಅಂತ ದಾರ ಸಡಿಲ ಬಿಟ್ಟೆ. ನಾಲ್ಕು ತಿಂಗಳು ದಿನಾ ನೀರು ಹಾಕಿದೆ. ಒಂದು ಬೇರೂ ಹಿಡಿಯಲಿಲ್ಲ. ಆಮೇಲೆ ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದೆ. ಗಾಳಿ ಬಂದಾಗಲೆಲ್ಲ ಗಿಡ ಒಂದು ಕೂದಲೆಳೆಯಷ್ಟು ಅಲ್ಲಾಡುತ್ತಿತ್ತು. ಹೊಸ ಬೇರಿನ ತುದಿ ಮರಕ್ಕೆ ಉಜ್ಜಿ ಉಜ್ಜಿ ಕಂದಿ ಮೊಂಡಾಗಿತ್ತು. ಮೂರು ತುದಿಗಳೂ ಹಾಗೇ. ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದೆ. ತುಂಡು ಹಿಡಿದು ಅಲ್ಲಾಡಿಸಿದರೆ ಗಿಡವೂ ತುಂಡೂ ಒಂದೇ ಅನ್ನಿಸಬೇಕು, ಅಷ್ಟು. ಮುಂದಿನ ಸಲದ ಬೇರುಗಳು ಹಿಡಿದುಕೊಂಡವು. ಈಗ ದಾರ ತೆಗೆದಿದ್ದೇನೆ, ಗಿಡ ಕದಲುವುದಿಲ್ಲ.

ಚಿಕ್ಕಪ್ಪ: ಬುಡಕ್ಕೆ ಪಾಚಿ ಇಟ್ಟು ಕಟ್ಟುತ್ತಾರಲ್ಲ?

ನಾನು: ಸ್ಫ್ಯಾಗ್ನಮ್ ಪಾಚಿ, ತೆಳ್ಳಗೆ ಒಂದು ಪದರ, ಬೇರಿನ ಪಕ್ಕದಲ್ಲಿ. ಬುಡ ಮುಚ್ಚಿದರೆ ಕೊಳೆಯುತ್ತದೆ. ಅಕ್ಕಾ, ನಿನ್ನ ಫಲನಾಪ್ಸಿಸ್ಸನ್ನು ನೆಟ್ಟಗೆ ಕಟ್ಟಬೇಡ. ಎಲೆಗಳು ಕೆಳಕ್ಕೆ ಬಾಗಿರಲಿ. ಮರದ ಮೇಲೆ ಅದು ಇರುವುದೇ ಹಾಗೆ. ನೆಟ್ಟಗಿದ್ದರೆ ನಡು ಸುಳಿಯಲ್ಲಿ ನೀರು ನಿಂತು ಸುಳಿ ಕೊಳೆಯುತ್ತದೆ. ಅದಕ್ಕೆ ಇರುವುದು ಒಂದೇ ಸುಳಿ, ಹೋದರೆ ಹೆಚ್ಚಾಗಿ ಗಿಡವೇ ಹೋದ ಹಾಗೆ.

ಅತ್ತೆ: ನಾನು ಇದನ್ನು ಇನ್ನೂ ಎರಡು ಗುಂಪಿಗೆ ಕಳಿಸಿದ್ದೇನೆ. ಈಗ ಏನು ಮಾಡಲಿ?

ನಾನು: ಅತ್ತೆ, ಅಲ್ಲಿಯೂ ಒಂದು ಸಾಲು ಬರೆದುಬಿಡಿ. ಕಟ್ಟಿದ ಆರ್ಕಿಡ್‌ಗೆ ದಿನಾ ನೀರು ಬೇಕು ಅಂತ. ಯಾರದ್ದೋ ಒಂದು ಗಿಡ ಉಳಿಯುತ್ತದೆ.

ಅತ್ತೆ: ಬರೆದೆ. ಅಕ್ಕನ ಬೇರಿನ ವಿಷಯವನ್ನೂ ಸೇರಿಸಿದೆ.

*(ಮರುದಿನ ಬೆಳಿಗ್ಗೆ)*

ಅಕ್ಕ: (ಫೋಟೊ) ಹೊಸ ಬೇರು ಬಂದೇಬಿಟ್ಟಿದೆ! ಎಲೆಯ ಸಂದಿನಲ್ಲಿ, ಹೆಬ್ಬೆರಳಿನ ಉಗುರಿನಷ್ಟು. ದಾರ, ತುಂಡು ಎರಡೂ ಎದುರಿಗಿವೆ. ಶುರು ಮಾಡಲಾ?

ನಾನು: ತಡೆ ತಡೆ. ಫೋಟೊ ಮಸುಕಾಗಿದೆ. ತುದಿ ನುಣ್ಣಗೆ ದುಂಡಗಿದೆಯಾ?

ಅಕ್ಕ: ಇಲ್ಲ, ಸ್ವಲ್ಪ ಚಪ್ಪಟೆ. ಒಂದು ಪಕ್ಕ ಸಣ್ಣ ಮಡಿಕೆ ಇದೆ, ಕೈಗವಸಿನ ಹೆಬ್ಬೆರಳಿನ ಹಾಗೆ. ಮೇಲಕ್ಕೆ ತಿರುಗಿದೆ.

ನಾನು: ಅಕ್ಕಾ, ಅದು ಬೇರಲ್ಲ. ಹೂವಿನ ದಂಟು!

ಅಕ್ಕ: ನಿಜವಾಗಿಯೂ? ಆರು ತಿಂಗಳಾದ ಮೇಲೆ?

ಚಿಕ್ಕಪ್ಪ: ಕುಂಡದಲ್ಲೇ ಬಂತು ನೋಡಿ.

ನಾನು: ಹೌದು ಚಿಕ್ಕಪ್ಪ, ಕುಂಡದಲ್ಲೇ ಬಂತು. ಅಕ್ಕಾ, ದಾರ ಒಳಗಿಡು, ಹೂ ಮುಗಿಯುವವರೆಗೆ ಕಟ್ಟುವ ಮಾತು ಬೇಡ. ಕುಂಡ ಯಾವ ಕಡೆಗೆ ಮುಖ ಮಾಡಿದೆಯೋ ಹಾಗೇ ಇರಲಿ, ತಿರುಗಿಸಬೇಡ. ದಂಟು ಬೆಳಕಿನ ಕಡೆಗೆ ವಾಲುತ್ತದೆ, ದಿನಾ ತಿರುಗಿಸಿದರೆ ಸೊಟ್ಟಗಾಗುತ್ತದೆ.

ಅಕ್ಕ: ಕಿಟಕಿ ಪಕ್ಕದಲ್ಲೇ ಇಟ್ಟಿದ್ದೇನೆ. ಮುಟ್ಟುವುದಿಲ್ಲ. ಮಕ್ಕಳಿಗೂ ಹೇಳಿದ್ದೇನೆ.

ಅತ್ತೆ: ಮೊದಲ ಮೊಗ್ಗು ಕಂಡ ದಿನ ಇಲ್ಲಿ ಫೋಟೊ ಹಾಕಬೇಕು, ಮರೆಯಬೇಡ.