ಮನೆಯಲ್ಲಿ ಮುದ್ರಿಸಿದ ಗಿಟಾರ್‌ಗೆ ತುಂಬು ನಾದ ಮತ್ತು ಹರವು ತರುವುದು ಹೇಗೆ?

ಪ್ರಶ್ನೆ:

ಬಲ್ಲವರಲ್ಲಿ ಒಂದು ವಿನಂತಿ. ಬೆಂಗಳೂರಿನ ಬಾಡಿಗೆ ಮನೆಯ ಸಣ್ಣ ಕೋಣೆಯೊಂದರಲ್ಲಿ ಭಾವಗೀತೆಗಳಿಗೆ ಅಕೂಸ್ಟಿಕ್ ಗಿಟಾರ್ ನುಡಿಸಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ. ಒಂದು ಕಂಡೆನ್ಸರ್ ಮೈಕ್, ಎರಡು ಇನ್‌ಪುಟ್‌ಗಳಿರುವ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಮತ್ತು ಒಂದು ಹೆಡ್‌ಫೋನ್ ನನ್ನ ಬಳಿ ಇವೆ. ನುಡಿಸುವಾಗ ತುಂಬಿಕೊಂಡು ಕೇಳುವ ವಾದ್ಯ ಮುದ್ರಣದಲ್ಲಿ ತೆಳ್ಳಗಾಗಿ ನಡುವೆಯೇ ಕುಗ್ಗಿ ಕೇಳುತ್ತದೆ. ಟ್ರ್ಯಾಕನ್ನು ನಕಲು ಮಾಡಿ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಪ್ಯಾನ್ ಮಾಡಿ ನೋಡಿದೆ. ಸದ್ದು ಜೋರಾಯಿತೇ ಹೊರತು ಹರವು ಬರಲಿಲ್ಲ. ಹೊಸ ಉಪಕರಣ ಕೊಳ್ಳುವ ಮೊದಲು ಏನು ಮಾಡಬಹುದೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ:

ನಕಲು ಮಾಡಿದಾಗ ಹರವು ಬಾರದಿರುವುದು ಸಹಜ. ಎರಡೂ ಕಿವಿಗಳಿಗೆ ಒಂದೇ ಸದ್ದು ಒಂದೇ ಗಳಿಗೆಯಲ್ಲಿ ತಲುಪಿದರೆ, ಅದನ್ನು ನಾವು ನಡುವೆ ನಿಂತ ಒಂದೇ ವಾದ್ಯವೆಂದು ಗ್ರಹಿಸುತ್ತೇವೆ. ಎಡಕ್ಕೂ ಬಲಕ್ಕೂ ಏನಾದರೂ ವ್ಯತ್ಯಾಸವಿದ್ದಾಗ ಮಾತ್ರ ಅಗಲದ ಅನುಭವವಾಗುತ್ತದೆ. ಆ ವ್ಯತ್ಯಾಸವನ್ನು ಪಡೆಯಲು ನನಗೆ ತಿಳಿದ ಅತ್ಯಂತ ನೆಚ್ಚಿನ ದಾರಿಯೆಂದರೆ, ಅದೇ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ನುಡಿಸಿ ಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿ, ಎರಡನ್ನೂ ಪೂರ್ತಿ ಎಡಕ್ಕೆ ಮತ್ತು ಪೂರ್ತಿ ಬಲಕ್ಕೆ ಇಡುವುದು. ಎಷ್ಟೇ ನಿಖರವಾಗಿ ನುಡಿಸಿದರೂ ಕೈಯ ತೂಕದಲ್ಲಿ, ತಂತಿಗೆ ಪಿಕ್ ತಾಗುವ ಕೋನದಲ್ಲಿ, ಕಾಲದ ಅತಿ ಸಣ್ಣ ಅಂತರಗಳಲ್ಲಿ ಎರಡು ವಾದನಗಳು ಬೇರೆಯಾಗಿಯೇ ಇರುತ್ತವೆ. ಆ ಅಂತರಗಳನ್ನು ತಂತ್ರಾಂಶದಲ್ಲಿ ತಿದ್ದಿ ಸಮಗೊಳಿಸಬೇಡಿ, ಹರವು ಹುಟ್ಟುವುದೇ ಅವುಗಳಿಂದ. ಆದರೆ ಹೊಡೆತದ ಮಾದರಿ ಮಾತ್ರ ಒಂದೇ ಆಗಿರಬೇಕು; ಒಂದರಲ್ಲಿರುವ ಒತ್ತು ಇನ್ನೊಂದರಲ್ಲಿ ಇಲ್ಲದಿದ್ದರೆ ಅದು ಅಗಲವಾಗಿ ಕೇಳುವುದಿಲ್ಲ, ಗೊಂದಲವಾಗಿ ಕೇಳುತ್ತದೆ. ಹೆಡ್‌ಫೋನಿನಲ್ಲಿ ಕ್ಲಿಕ್ (ಲಯ ತೋರಿಸುವ ಟಿಕ್‌ಟಿಕ್ ಸದ್ದು) ಇಟ್ಟುಕೊಂಡು ನುಡಿಸಿ, ಪ್ರತಿ ಮುದ್ರಣಕ್ಕೂ ಮೊದಲು ಶ್ರುತಿಯನ್ನು ಹೊಸದಾಗಿ ಹೊಂದಿಸಿಕೊಳ್ಳಿ. ಒಂದೇ ಟ್ರ್ಯಾಕಿನಲ್ಲಿ ಗಮನಕ್ಕೆ ಬಾರದ ಶ್ರುತಿದೋಷ, ಎರಡು ಟ್ರ್ಯಾಕುಗಳನ್ನು ಜೊತೆಯಾಗಿ ಕೇಳಿದಾಗ ಅಲೆಯಲೆಯಾಗಿ ಎದ್ದು ಕಾಣುತ್ತದೆ.

ಇನ್ನು ನಾದ ತೆಳ್ಳಗಾಗುವ ವಿಚಾರ. ಇದಕ್ಕೆ ಪರಿಹಾರವನ್ನು ಈಕ್ಯೂನಲ್ಲಿ (ಆವರ್ತನಗಳನ್ನು ಏರಿಳಿಸುವ ಸಾಧನದಲ್ಲಿ) ಹುಡುಕುವ ಮೊದಲು ಮೈಕ್ ಇರುವ ಜಾಗವನ್ನು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 12ನೇ ಫ್ರೆಟ್‌ನ ಎದುರು 20ರಿಂದ 30 ಸೆಂಟಿಮೀಟರ್ ದೂರದಲ್ಲಿಟ್ಟು, ಕತ್ತು ಒಡಲನ್ನು ಸೇರುವ ಕಡೆಗೆ ತುಸು ತಿರುಗಿಸುವುದು ಒಳ್ಳೆಯ ಆರಂಭ. ತುಂಬು ನಾದ ಬೇಕೆಂದು ಸೌಂಡ್‌ಹೋಲ್‌ಗೆ ನೇರವಾಗಿ ಇಟ್ಟರೆ, ಒಡಲೊಳಗಿನ ಗಾಳಿಯ ಅನುರಣನದಿಂದ ಸುಮಾರು 100 ಹರ್ಟ್ಜ್ ಆಸುಪಾಸಿನ ಗುಂಯ್‌ಗುಡುವಿಕೆ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ತೆಳ್ಳಗೆ ಕೇಳಿದರೆ ಮೈಕನ್ನು ಒಂದೆರಡು ಅಂಗುಲ ಬ್ರಿಜ್‌ನ (ಒಡಲಿನ ಮೇಲೆ ತಂತಿಗಳನ್ನು ಕಟ್ಟಿರುವ ಪಟ್ಟಿಯ) ಕಡೆಗೆ ಸರಿಸಿ, ಇಲ್ಲವೇ ಸ್ವಲ್ಪ ಹತ್ತಿರಕ್ಕೆ ತನ್ನಿ. ಕಾರ್ಡಿಯಾಯ್ಡ್ ಮೈಕ್ ವಾದ್ಯಕ್ಕೆ ಸಮೀಪವಾದಷ್ಟೂ ಮಂದ್ರದ ಅಂಶ ಹೆಚ್ಚುತ್ತದೆ. ಹಳೆಯ ತಂತಿಗಳಿದ್ದರೆ ಇದಾವುದೂ ಫಲ ಕೊಡುವುದಿಲ್ಲವಾದ್ದರಿಂದ ಮೊದಲು ಅವನ್ನು ಬದಲಿಸಿ.

ನಮ್ಮ ಮನೆಗಳ ಟೈಲ್ಸ್ ನೆಲ, ಬರಿಯ ಗೋಡೆ, ಕಾಂಕ್ರೀಟ್ ಚಾವಣಿಗಳು ಸದ್ದನ್ನು ಹಿಂದಕ್ಕೆ ಎಸೆಯುತ್ತವೆ, ಆ ಪ್ರತಿಫಲನ ಮೈಕ್ ಸೇರಿದಾಗ ನಾದದ ಮೈ ಕರಗುತ್ತದೆ. ಕಾರ್ಡಿಯಾಯ್ಡ್ ಮೈಕ್ ತನ್ನ ಮುಂದಿರುವುದನ್ನು ಹೆಚ್ಚಾಗಿ ಹಿಡಿಯುವುದರಿಂದ, ನಿಮ್ಮ ಬೆನ್ನ ಹಿಂದಿನ ಗೋಡೆಗೆ ದಪ್ಪ ರಜಾಯಿ ಅಥವಾ ಕೌದಿಗಳನ್ನು ತೂಗುಹಾಕಿ, ಕಾಲ ಕೆಳಗೆ ಜಮಖಾನೆ ಹಾಸಿ. ಫ್ಯಾನ್ ಆರಿಸಲೇಬೇಕು. ಸೆಕೆಯಾದರೂ ರಾತ್ರಿ ತಡವಾಗಿ, ರಸ್ತೆಯ ಸದ್ದು ಇಳಿದ ಮೇಲೆ ಮುದ್ರಿಸಿದರೆ ಶ್ರಮ ಸಾರ್ಥಕವಾಗುತ್ತದೆ.

ಇನ್ನೊಂದು ಉತ್ತರ:

ಮೇಲಿನವರು ಹೇಳಿದ್ದನ್ನು ಹೊಡೆತದ (ಸ್ಟ್ರಮಿಂಗ್) ವಾದನಕ್ಕೆ ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಬೆರಳುಗಳಿಂದ ಮೀಟುವ ಸೂಕ್ಷ್ಮ ವಾದನಕ್ಕೆ ಅದು ಒಗ್ಗುವುದಿಲ್ಲ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುವ ಕಡೆ ಎರಡು ವಾದನಗಳು ಒಂದರ ಮೇಲೊಂದು ಬಿದ್ದರೆ ಭಾವದ ಆಪ್ತತೆ ಹೋಗುತ್ತದೆ. ಅಂಥ ಹಾಡಿಗೆ ಸ್ನೇಹಿತರಿಂದ ಇನ್ನೊಂದು ಮೈಕ್ ಎರವಲು ಪಡೆದು ಒಂದೇ ವಾದನವನ್ನು ಸ್ಟೀರಿಯೊದಲ್ಲಿ ಹಿಡಿಯಿರಿ. ನಿಮ್ಮ ಇಂಟರ್‌ಫೇಸ್‌ನಲ್ಲಿ ಎರಡು ಇನ್‌ಪುಟ್‌ಗಳಿರುವುದರಿಂದ ಬೇರೇನೂ ಬೇಕಿಲ್ಲ. ಎರಡು ಮೈಕ್‌ಗಳ ತಲೆಗಳನ್ನು ಒಂದರ ಮೇಲೊಂದು ಬರುವಂತೆ 90 ಡಿಗ್ರಿ ಕೋನದಲ್ಲಿಡುವ ಎಕ್ಸ್‌ವೈ ವಿಧಾನದಲ್ಲಿ ಹರವು ಹಿತಮಿತವಾಗಿರುತ್ತದೆ, ಎಡಬಲಗಳನ್ನು ಒಂದಾಗಿ ಕೂಡಿಸಿ ಕೇಳುವ ಮೋನೊದಲ್ಲಿಯೂ ನಾದ ಕೆಡುವುದಿಲ್ಲ. ಇನ್ನೂ ಅಗಲ ಬೇಕಾದರೆ ಫ್ರಾನ್ಸಿನ ಪ್ರಸಾರ ಸಂಸ್ಥೆಯಲ್ಲಿ ರೂಪುಗೊಂಡ ಓಆರ್‌ಟಿಎಫ್ ವಿಧಾನವಿದೆ: ಮೈಕ್‌ಗಳ ನಡುವೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ. ಎರಡೂ ಒಂದೇ ಮಾದರಿಯ ಮೈಕ್‌ಗಳಾಗಿದ್ದರೆ ಮಾತ್ರ ಈ ವಿಧಾನಗಳು ಸರಿಯಾಗಿ ಫಲಿಸುತ್ತವೆ.

ಗಿಟಾರ್‌ನಲ್ಲಿ ಪಿಕಪ್ (ವಾದ್ಯದ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಇದ್ದರೆ ಅದನ್ನು ಎರಡನೆಯ ಇನ್‌ಪುಟ್‌ಗೆ ಕೊಟ್ಟು ಮೈಕ್‌ನ ಸದ್ದಿನ ಕೆಳಗೆ ಮೆಲ್ಲಗೆ ಬೆರೆಸಬಹುದು. ಇದರಿಂದ ಸಿಗುವುದು ತುಂಬುತನವೇ ಹೊರತು ಹರವಲ್ಲ. ಪಿಕಪ್‌ನ ಸದ್ದು ಕೇಬಲ್‌ನ ಮೂಲಕ ತಕ್ಷಣ ಬರುತ್ತದೆ, 30 ಸೆಂಟಿಮೀಟರ್ ದೂರದ ಮೈಕ್‌ಗೆ ಗಾಳಿಯಲ್ಲಿ ಹಾದು ಬರುವ ಸದ್ದು ಸುಮಾರು 0.9 ಮಿಲಿಸೆಕೆಂಡ್ ತಡವಾಗುತ್ತದೆ. ಅಷ್ಟು ಮಾತ್ರ ಪಿಕಪ್ ಟ್ರ್ಯಾಕನ್ನು ತಡವಾಗಿಸಿದರೆ ಎರಡೂ ಕೂಡಿ ಗಟ್ಟಿಯಾಗುತ್ತವೆ.

ನಕಲು ಟ್ರ್ಯಾಕನ್ನು 10ರಿಂದ 30 ಮಿಲಿಸೆಕೆಂಡ್ ತಡಮಾಡಿ ಹರವು ತರುವ ಸಲಹೆಯನ್ನೂ ನೀವು ಕೇಳಿರಬಹುದು. ಹೆಡ್‌ಫೋನಿನಲ್ಲಿ ಅದು ಆಕರ್ಷಕವಾಗಿಯೇ ಕೇಳುತ್ತದೆ. ಆದರೆ ಮೊದಲು ತಲುಪುವ ಸದ್ದಿನ ಕಡೆಗೇ ವಾದ್ಯ ವಾಲಿದಂತಾಗುತ್ತದೆ, ಮೋನೊದಲ್ಲಿ ಕೆಲವು ಆವರ್ತನಗಳು ಪರಸ್ಪರ ರದ್ದಾಗಿ ನಾದ ಟೊಳ್ಳಾಗುತ್ತದೆ. ಒಂದೇ ಸ್ಪೀಕರಿನಲ್ಲಿ ಹಾಡು ಕೇಳುವವರು ಬಹಳ ಮಂದಿ ಇರುವುದರಿಂದ ನಾನು ಆ ದಾರಿಯನ್ನು ಸೂಚಿಸಲಾರೆ. ಯಾವುದೇ ವಿಧಾನ ಬಳಸಿದರೂ ಒಮ್ಮೆ ಮೋನೊ ಗುಂಡಿ ಒತ್ತಿ ಕೇಳಿ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಕೃತಜ್ಞತೆಗಳು. ನನ್ನದು ಹೆಚ್ಚಾಗಿ ಹೊಡೆತದ ವಾದನವೇ ಆದ್ದರಿಂದ ಎರಡು ಬಾರಿ ನುಡಿಸುವ ದಾರಿಯನ್ನು ಹಿಡಿಯುತ್ತೇನೆ. ಎರಡನೆಯ ಬಾರಿಗೆ ಬೇರೆ ಗಿಟಾರ್ ಇರಬೇಕೇ? ಇಡೀ ಹಾಡಿಗೆ ಹೀಗೆಯೇ ಮಾಡಬೇಕೇ?

ಮೊದಲು ಉತ್ತರಿಸಿದವರಿಂದ:

ಬೇರೆ ಗಿಟಾರ್ ಬೇಕಿಲ್ಲ, ಕೇಪೊ (ಒಂದು ಫ್ರೆಟ್‌ನಲ್ಲಿ ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್ಪು) ಸಾಕು. ಹಾಡು ಜಿ ಮೇಜರ್‌ನಲ್ಲಿದ್ದರೆ ಮೊದಲನೆಯದನ್ನು ಕೇಪೊ ಇಲ್ಲದೆ ಜಿ ಶ್ರುತಿಯ ಕಾರ್ಡ್ ಆಕಾರಗಳಲ್ಲಿ ನುಡಿಸಿ, ಎರಡನೆಯದನ್ನು 5ನೇ ಫ್ರೆಟ್‌ನಲ್ಲಿ ಕೇಪೊ ಹಾಕಿ ಡಿ ಆಕಾರಗಳಲ್ಲಿ ನುಡಿಸಿ. ಸ್ವರಗಳು ಅವೇ, ಆದರೆ ಅವುಗಳ ಜೋಡಣೆ ಎತ್ತರಕ್ಕೆ ಹೋಗುವುದರಿಂದ ಎರಡೂ ಒಂದನ್ನೊಂದು ತುಳಿಯುವುದಿಲ್ಲ. ತಾಳ್ಮೆಯಿದ್ದರೆ 12 ತಂತಿಗಳ ಸೆಟ್ಟಿನಿಂದ ತೆಳುವಾದ ತಂತಿಗಳನ್ನು ಆರಿಸಿ ಗಿಟಾರ್‌ಗೆ ಕಟ್ಟಿ, ಮಂದ್ರದ ನಾಲ್ಕು ತಂತಿಗಳ ಸ್ವರಗಳನ್ನು ಒಂದು ಸಪ್ತಕ ಮೇಲಕ್ಕೆ ಏರಿಸುವ ನ್ಯಾಶ್‌ವಿಲ್ ಶ್ರುತಿಯನ್ನು ಪ್ರಯತ್ನಿಸಿ; ಸಾಮಾನ್ಯ ಗಿಟಾರ್ ಒಂದು ಬದಿಗೆ, ಇದು ಇನ್ನೊಂದು ಬದಿಗೆ ಇದ್ದಾಗ ಬರುವ ಹೊಳಪನ್ನು ಯಾವ ಪ್ಲಗಿನ್ನೂ ನನಗೆ ಕೊಟ್ಟಿಲ್ಲ.

ಇಡೀ ಹಾಡಿಗೆ ಮಾತ್ರ ಬೇಡ. ಎಡಬಲಗಳಲ್ಲಿ ಗಿಟಾರ್ ನಿಂತಾಗ ನಡುವಿನ ಜಾಗ ಗಾಯಕರಿಗೆ ತೆರವಾಗುತ್ತದೆ ಎಂಬುದು ನಿಜ, ಆದರೂ ಪಲ್ಲವಿಯನ್ನು ಒಂದೇ ಗಿಟಾರ್‌ನಲ್ಲಿ ಆರಂಭಿಸಿ, ಚರಣದಲ್ಲಿ ಎರಡನೆಯದನ್ನು ಸೇರಿಸಿದರೆ ಹರವು ಬಂದದ್ದು ಕೇಳುಗರ ಅರಿವಿಗೆ ಬರುತ್ತದೆ. ಎರಡೂ ಕೂಡಿದಾಗ 200 ಹರ್ಟ್ಜ್ ಆಸುಪಾಸಿನಲ್ಲಿ ಮಸುಕಾದರೆ 2 ಅಥವಾ 3 ಡೆಸಿಬೆಲ್ ಇಳಿಸಿ. ಆರನೆಯ ತಂತಿಯ ಮೂಲಸ್ವರವೇ 82 ಹರ್ಟ್ಜ್ ಆದ್ದರಿಂದ ಹೈಪಾಸ್ ಫಿಲ್ಟರನ್ನು (ಒಂದು ಮಿತಿಗಿಂತ ಕೆಳಗಿನ ಆವರ್ತನಗಳನ್ನು ತಗ್ಗಿಸುವ ಸಾಧನವನ್ನು) ಅದಕ್ಕಿಂತ ಮೇಲಕ್ಕೆ ಒಯ್ಯುವ ಮುನ್ನ ಯೋಚಿಸಿ; ನೀವು ಈಗಾಗಲೇ ಅದನ್ನು 150ರಲ್ಲೋ 200ರಲ್ಲೋ ಇಟ್ಟಿದ್ದರೆ, ನಾದ ತೆಳ್ಳಗಾಗಲು ಅದೂ ಒಂದು ಕಾರಣವಾಗಿರಬಹುದು.