ವಡೆ ಸೈಪ್ರಸ್, ಬಜ್ಜಿ ಕ್ರೀಟ್

ಮಂಜೇಗೌಡರ ಪ್ರಕಾರ, ಗ್ಯಾಸಿಗಾಗಿ ಮೆಡಿಟರೇನಿಯನ್ ಸಮುದ್ರಕ್ಕೆ ಬೇಲಿ ಹಾಕಲು ಹೊರಟವರಷ್ಟು ಕೆಲಸವಿಲ್ಲದ ಜನ ಭೂಮಿ ಮೇಲೆ ಇನ್ನೊಬ್ಬರಿಲ್ಲ. ಈ ಮಾತನ್ನು ಅವರು ಬೇಲೂರು ರಸ್ತೆಯ ನಮ್ಮ ಮಾಮೂಲಿ ಹೋಟೆಲಿನಲ್ಲಿ ಹೇಳಿದರು. ಅದೂ ನಿವೃತ್ತ ಸರ್ವೆಯರ್ ಶಿವಣ್ಣನವರ ಮುಖ ನೋಡಿಕೊಂಡೇ. ಜೀವಮಾನವಿಡೀ ಜಮೀನು ಅಳೆದವರು ಸುಮ್ನಿರ್ತಾರಾ?

"ಗೌಡ್ರೆ, ಬೇಲಿ ಇಲ್ಲದ ಕಡೆನೇ ತಲೆ ಒಡೆಯೋದು."

ಮಾತು ಶುರುವಾಗಿದ್ದು ಕಾಫಿ ರೇಟಿನಿಂದ. ಚಿಕ್ಕಮಗಳೂರಿನಲ್ಲಿ ಯಾವ ಮಾತೂ ಬೇರೆ ಕಡೆಯಿಂದ ಶುರುವಾಗುವುದಿಲ್ಲ. ಭಾರತದ ಕಾಫಿಯನ್ನು ಎಲ್ಲರಿಗಿಂತ ಜಾಸ್ತಿ ಕೊಳ್ಳುವವರು ಇಟಲಿಯವರು ಎಂದು ಗೌಡರು ಹೆಮ್ಮೆ ಪಟ್ಟುಕೊಳ್ಳುತ್ತಿದ್ದರು. ಮೆಣಸಿನ ವ್ಯಾಪಾರದ ಬಷೀರಣ್ಣ ಅಲ್ಲಿಗೆ ಬಾಯಿ ಹಾಕಿದರು.

"ಕಾಫಿ ಕುಡಿದು ಸುಮ್ನೆ ಕೂತಿಲ್ಲ ಅವ್ರು. ಈಜಿಪ್ಟ್ ಸಮುದ್ರದಲ್ಲಿ ಅಷ್ಟು ದೊಡ್ಡ ಗ್ಯಾಸ್ ನಿಕ್ಷೇಪ ಹುಡುಕಿದ್ದು ಇಟಲಿ ಕಂಪನಿನೇ. ಎನಿ ಅಂತ. 2015ರಲ್ಲಿ. ಝೋರ್ ಅಂತ ಹೆಸರಿಟ್ರು. ಅಂದಾಜು 30 ಲಕ್ಷ ಕೋಟಿ ಘನ ಅಡಿ."

"ಸಿಲಿಂಡರ್ ಲೆಕ್ಕದಲ್ಲಿ ಹೇಳು ಮಾರಾಯ."

ಬಷೀರಣ್ಣ ಮೊಬೈಲ್ ತೆಗೆದು ಸೊನ್ನೆ ಒತ್ತುತ್ತಾ ಹೋದರು. ಸ್ಕ್ರೀನಿನಲ್ಲಿ ಜಾಗ ಸಾಲಲಿಲ್ಲ, ಬಿಟ್ಟರು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವ ಸುಧಾ ಮೇಡಂ ಅವರನ್ನು ಕಾಪಾಡಿದರು.

"ಅದು ನಮ್ಮ ಸಿಲಿಂಡರ್ ಗ್ಯಾಸ್ ಅಲ್ಲ ಗೌಡ್ರೆ. ಮೀಥೇನ್. ಒಂದೋ ಪೈಪಿನಲ್ಲಿ ಹೋಗ್ಬೇಕು, ಇಲ್ಲಾ ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿ, ದ್ರವ ಮಾಡಿ ಹಡಗಿಗೆ ತುಂಬಬೇಕು. ಅಲ್ಲಿ ದೇಶದೇಶಗಳ ಜಗಳ ಎಲ್ಲಾ ಸಮುದ್ರದ ಗಡಿ ಗೆರೆಗೆ. ದುಡ್ಡು ಮಾತ್ರ ಪೈಪ್ ಇದ್ದವನಿಗೆ."

ಈ ಮಾತು ಆಗ ಯಾರ ಕಿವಿಗೂ ಬೀಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಶಿವಣ್ಣನವರು "ನಕ್ಷೆ ಇಲ್ಲದೆ ನಾನು ಮಾತಾಡಲ್ಲ" ಎಂದು ಹಟ ಹಿಡಿದಿದ್ದರು. ಟೇಬಲ್ಲೇ ಪೂರ್ವ ಮೆಡಿಟರೇನಿಯನ್ ಆಯಿತು. ಮೇಲ್ಗಡೆ ಅಡ್ಡಡ್ಡ ಮಲಗಿದ್ದ ಗೌಡರ ಮಸಾಲೆ ದೋಸೆ ಟರ್ಕಿ. ಕೆಳಗಡೆ ಇಡ್ಲಿ ತಟ್ಟೆ ಈಜಿಪ್ಟ್. ಅದರ ಎಡಕ್ಕೆ ನನ್ನ ಮೊಬೈಲ್ ಲಿಬಿಯಾ. ಬಲಗಡೆ ಉಪ್ಪಿನ ಡಬ್ಬಿ ಇಸ್ರೇಲ್, ಅದರ ಮೇಲೆ ಸಕ್ಕರೆ ಡಬ್ಬಿ ಲೆಬನಾನ್. ನಡುವೆ ವಡೆ, ಸೈಪ್ರಸ್. ಎಡಕ್ಕೆ ಉದ್ದಕ್ಕೆ ಒಂದು ಮೆಣಸಿನಕಾಯಿ ಬಜ್ಜಿ. ಅದು ಗ್ರೀಸಿನ ಕ್ರೀಟ್ ದ್ವೀಪ. ನಿಜವಾದ ಕ್ರೀಟ್ ಕೂಡ ಹಾಗೇ ಸಪೂರ, ಉದ್ದ. ನಕ್ಷೆ ನೋಡಿ ಬೇಕಾದರೆ.

ಸಪ್ಲೈಯರ್ ಹುಡುಗ ಬಂದು "ಕ್ಲೀನ್ ಮಾಡ್ಲಾ ಸಾರ್?" ಎಂದ.

"ಮುಟ್ಟಬೇಡ, ಈಜಿಪ್ಟ್ ಇದೆ" ಎಂದರು ಶಿವಣ್ಣನವರು. ಅವನು ನನ್ನ ಮುಖ ನೋಡಿ, ಏನೂ ಕೇಳದೆ ಹೋದ.

"ಈಗ ಕಾನೂನು ಹೇಳಿ ಮೇಡಂ."

"1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿವರೆಗೆ ಪೂರ್ತಿ ಆ ದೇಶದ್ದೇ. 200 ಮೈಲಿವರೆಗೆ ಮೀನು, ತೈಲ, ಗ್ಯಾಸ್ ತೆಗೆಯೋ ಹಕ್ಕು. 200 ಅಂದ್ರೆ ಸುಮಾರು 370 ಕಿಲೋಮೀಟರ್."

ಶಿವಣ್ಣನವರು ಇಡ್ಲಿಗೂ ದೋಸೆಗೂ ನಡುವೆ ಗೇಣು ಹಾಕಿ ನೋಡಿದರು. "ಈ ಸಮುದ್ರದಲ್ಲಿ ಎದುರುಬದುರು ದಡದ ಮಧ್ಯೆ 400 ಮೈಲಿ ಜಾಗನೇ ಇಲ್ವಲ್ರೀ. ಎಲ್ಲರ ಹಕ್ಕೂ ಒಬ್ಬರ ಮೇಲೊಬ್ಬರದು ಬೀಳುತ್ತೆ."

"ಅಲ್ಲೇ ಇರೋದು ತಾಪತ್ರಯ. ಮಧ್ಯರೇಖೆ ಎಳೆಯೋಣ ಅಂದ್ರೆ ದ್ವೀಪ ಅಡ್ಡ ಬರುತ್ತೆ. ಇದು ನೋಡಿ."

ಚಟ್ನಿಯ ಒಗ್ಗರಣೆಯಿಂದ ಸಿಡಿದ ಒಂದು ಸಾಸಿವೆ ದೋಸೆಯ ಅಂಚಿಗೆ ಅಂಟಿಕೊಂಡಂತೆ ಕೂತಿತ್ತು. ಮೇಡಂ ಅದನ್ನು ಉಗುರಿನಿಂದ ತೋರಿಸಿದರು. ಕಾಸ್ಟೆಲೊರಿಝೊ. ಸುಮಾರು 500 ಜನರಿರುವ ದ್ವೀಪ. ಟರ್ಕಿಯ ದಡದಿಂದ 2 ಕಿಲೋಮೀಟರ್, ಅಥೆನ್ಸಿನಿಂದ 500ಕ್ಕೂ ಜಾಸ್ತಿ. ಆದರೆ ದ್ವೀಪ ಗ್ರೀಸಿನದು. ಕಾನೂನಿನ ಅಕ್ಷರ ಹಿಡಿದರೆ ಅದಕ್ಕೂ ಸುತ್ತ ಸಮುದ್ರ ಸಿಗಬೇಕು. ಹಾಗೆ ಕೊಟ್ಟರೆ ಅಷ್ಟುದ್ದ ಕರಾವಳಿಯ ಟರ್ಕಿಗೆ ದಡದ ಹತ್ತಿರವೇ ಬಾಗಿಲು ಹಾಕಿದ ಹಾಗೆ.

"ಇದು ಅನ್ಯಾಯ" ಎಂದರು ಗೌಡರು. ದೋಸೆ ಅವರದು, ಅದಕ್ಕೇ ಇರಬಹುದು. ಆದರೆ ನನಗೂ ಹಾಗೇ ಅನ್ನಿಸಿತು. 2009ರಲ್ಲಿ ರುಮೇನಿಯಾ, ಉಕ್ರೇನ್ ನಡುವಿನ ಮೊಕದ್ದಮೆಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಸರ್ಪ ದ್ವೀಪ ಎಂಬ ಚೂರು ನೆಲಕ್ಕೆ 12 ಮೈಲಿ ಬಿಟ್ಟು ಹೆಚ್ಚಿನದೇನೂ ಕೊಡಲಿಲ್ಲವಂತೆ. ಹಾಗಿದ್ದ ಮೇಲೆ ಟರ್ಕಿಯ ಅಳಲು ಪೂರ್ತಿ ಸುಳ್ಳಲ್ಲ.

"ಮತ್ತೆ ಕೋರ್ಟಿಗೆ ಹೋಗೋದಲ್ವಾ?" ಎಂದರು ಶಿವಣ್ಣನವರು.

"ಟರ್ಕಿ ಆ 1982ರ ಕಾನೂನಿಗೆ ಸಹಿನೇ ಹಾಕಿಲ್ಲ. ಇಸ್ರೇಲೂ ಹಾಕಿಲ್ಲ. ಪಂಚಾಯ್ತಿಗೆ ಬರೋ ಅಮೆರಿಕವೂ ಹಾಕಿಲ್ಲ."

ಶಿವಣ್ಣನವರು ಲೋಟ ಕೆಳಗಿಟ್ಟರು.

"ಕೋರ್ಟಿನ ಬದಲು ಟರ್ಕಿ ಏನ್ ಮಾಡ್ತು ಗೊತ್ತಾ?" ಬಷೀರಣ್ಣ ಸಾಂಬಾರಿನಲ್ಲಿ ಬೆರಳದ್ದಿ ದೋಸೆಯಿಂದ ನನ್ನ ಮೊಬೈಲಿನವರೆಗೆ ಸೀದಾ ಗೆರೆ ಎಳೆದರು. "2019ರ ನವೆಂಬರ್. ಲಿಬಿಯಾದ ಟ್ರಿಪೋಲಿ ಸರ್ಕಾರದ ಜೊತೆ ಒಪ್ಪಂದ. ನಮ್ಮಿಬ್ಬರ ಸಮುದ್ರ ಇಲ್ಲಿ ಸೇರುತ್ತೆ ಅಂತ."

"ಮಧ್ಯೆ ಬಜ್ಜಿ ಇದೆಯಲ್ಲೋ! ಕಾಣ್ಲಿಲ್ವಾ ಅವ್ರಿಗೆ?"

"ಗ್ರೀಸಿನವರೂ ಅದನ್ನೇ ಕೇಳಿದ್ರು. ಆಗ ಲಿಬಿಯಾದಲ್ಲಿ ಎರಡೆರಡು ಸರ್ಕಾರ, ಒಳಗೊಳಗೇ ಯುದ್ಧ. ಟ್ರಿಪೋಲಿಯವರಿಗೆ ಟರ್ಕಿಯಿಂದ ಸೈನಿಕ ಸಹಾಯ ಬೇಕಿತ್ತು. ಟರ್ಕಿಗೆ ಗೆರೆ ಬೇಕಿತ್ತು."

ನಾನು ಮೊಬೈಲ್ ಒರೆಸಿಕೊಂಡೆ. ಲಿಬಿಯಾಕ್ಕೆ ಸಾಂಬಾರ್ ಹತ್ತಿತ್ತು.

ಆಮೇಲೆ ಗ್ರೀಸ್ ಸುಮ್ಮನಿರಲಿಲ್ಲ. 2020ರ ಆಗಸ್ಟ್ 6ಕ್ಕೆ ಈಜಿಪ್ಟ್ ಜೊತೆ ಕೂತು ಆ ಗೆರೆಗೆ ಅಡ್ಡವಾಗಿ ಇನ್ನೊಂದು ಗೆರೆ ಎಳೆಯಿತು. ಟರ್ಕಿ ಒರುಚ್ ರೈಸ್ ಎಂಬ ಸರ್ವೆ ಹಡಗನ್ನು ಯುದ್ಧನೌಕೆಗಳ ಕಾವಲಲ್ಲಿ ಕಳಿಸಿತು. ಆಗಸ್ಟ್ 12ಕ್ಕೆ ಎರಡು ದೇಶಗಳ ಯುದ್ಧನೌಕೆಗಳು ಒಂದಕ್ಕೊಂದು ಉಜ್ಜಿಕೊಂಡೇ ಬಿಟ್ಟವು. ಎರಡೂ ದೇಶ ನೇಟೋ ಸದಸ್ಯರು. ಸೇರಿದ್ದೂ ಒಟ್ಟಿಗೇ, 1952ರಲ್ಲಿ. ಮಿಕ್ಕವರ ದಾಳಿಯಿಂದ ಒಬ್ಬರನ್ನೊಬ್ಬರು ಕಾಪಾಡುತ್ತೇವೆ ಎಂದು ಸಹಿ ಹಾಕಿದವರು!

ಇಷ್ಟರಲ್ಲಿ ಶಿವಣ್ಣನವರ ಗಮನ ಪೂರ್ತಿ ಬೇರೆ ಕಡೆ ಇತ್ತು. "ಸರ್ವೆ ಹಡಗಿಗೆ ಯುದ್ಧನೌಕೆ ಕಾವಲು ಅಂದ್ರಾ? ನಾವು ಸರ್ವೆಗೆ ಹೋದಾಗ ಒಬ್ಬ ಪೊಲೀಸ್ ಪೇದೆ ಕಳಿಸಿ ಅಂದ್ರೆ ಮೂರು ಸಲ ಅರ್ಜಿ ಬರೀಬೇಕಿತ್ತು."

ಗೌಡರು ವಡೆ ನೋಡುತ್ತಿದ್ದರು. ಮೇಡಂ ಅದನ್ನು ಮುರಿದು ಮೇಲಿನ ಚೂರನ್ನು ಪಕ್ಕಕ್ಕಿಟ್ಟರು. 1974ರಲ್ಲಿ ಟರ್ಕಿಯ ಸೈನ್ಯ ಇಳಿದ ಮೇಲೆ ಸೈಪ್ರಸ್ ಎರಡು ಹೋಳು. ಉತ್ತರದ ಹೋಳನ್ನು ದೇಶ ಎಂದು ಒಪ್ಪುವುದು ಟರ್ಕಿ ಒಂದೇ. ದಕ್ಷಿಣದವರಿಗೆ 2011ರಲ್ಲಿ ಅಫ್ರೋಡೈಟಿ ಎಂಬ ಗ್ಯಾಸ್ ನಿಕ್ಷೇಪ ಸಿಕ್ಕಿತು. ಉತ್ತರದವರಿಗೂ ಪಾಲು ಬೇಕು ಎಂದಿತು ಟರ್ಕಿ. 2018ರ ಫೆಬ್ರವರಿಯಲ್ಲಿ ನಮ್ಮ ಕಾಫಿ ಗಿರಾಕಿ ಇಟಲಿಯ ಎನಿ ಕಳಿಸಿದ್ದ ಕೊರೆಯುವ ಹಡಗನ್ನು ಟರ್ಕಿ ನೌಕಾಪಡೆ ದಾರಿಯಲ್ಲೇ ತಡೆಯಿತು. ಹಡಗು ವಾಪಸು ಹೋಯಿತು. ಅಫ್ರೋಡೈಟಿ ಗ್ಯಾಸ್ ಸಿಕ್ಕಿ ಹತ್ತು ವರ್ಷ ದಾಟಿದರೂ ಯಾರ ಒಲೆಗೂ ಬರಲಿಲ್ಲ.

"ಹಾಗಾದ್ರೆ ಆ ಸಮುದ್ರದ ಗ್ಯಾಸಲ್ಲಿ ಅನ್ನ ಬೇಯಿಸಿಕೊಂಡವರು ಯಾರು?"

ಬಷೀರಣ್ಣನ ಮುಖ ಅರಳಿತು. ವ್ಯಾಪಾರದ ವಿಷಯ ಬಂದಿತ್ತಲ್ಲ. "ಉಪ್ಪಿನ ಡಬ್ಬಿ ಮತ್ತೆ ಇಡ್ಲಿ. ಕಥೆ ಕೇಳಿ. 2008ರಲ್ಲಿ ಈಜಿಪ್ಟಿನಿಂದ ಇಸ್ರೇಲಿಗೆ ಸಮುದ್ರದೊಳಗೆ ಪೈಪಿನಲ್ಲಿ ಗ್ಯಾಸ್ ಹೋಗ್ತಿತ್ತು. 2011ರಲ್ಲಿ ಈಜಿಪ್ಟ್ ಅಧ್ಯಕ್ಷ ಮುಬಾರಕ್ ಇಳಿದ ಮೇಲೆ ಅಲ್ಲಿನ ಸಿನಾಯ್‌ನಲ್ಲಿ ಪೈಪಿಗೆ ಬಾಂಬ್ ಇಡ್ತಾನೇ ಇದ್ರು. 2012ರಲ್ಲಿ ಈಜಿಪ್ಟ್ ಒಪ್ಪಂದ ರದ್ದು ಮಾಡ್ತು. ಅಷ್ಟೊತ್ತಿಗೆ ಇಸ್ರೇಲಿಗೆ 2009ರಲ್ಲಿ ತಮಾರ್, 2010ರಲ್ಲಿ ಲೆವಿಯಾಥಾನ್ ಅನ್ನೋ ನಿಕ್ಷೇಪಗಳು ಸಿಕ್ಕಿದ್ವು. 2020ರ ಜನವರಿಯಿಂದ ಅದೇ ಪೈಪಲ್ಲಿ ಗ್ಯಾಸ್ ಉಲ್ಟಾ ಹರಿಯೋಕೆ ಶುರು. ಮಾರ್ತಿದ್ದವನು ಗಿರಾಕಿ, ಗಿರಾಕಿ ಅಂಗಡಿ ಸಾಹುಕಾರ."

"ಈಜಿಪ್ಟಿಗೆ ಝೋರ್ ಸಿಕ್ಕಿತ್ತಲ್ಲ?"

"ಸಿಕ್ತು. 2018ರಲ್ಲಿ ನಮಗೆ ನಾವೇ ಸಾಕು ಅಂದ್ರು. ಆಮೇಲೆ ಉತ್ಪಾದನೆ ಇಳೀತು, ಕರೆಂಟ್ ಹೋಗೋಕೆ ಶುರುವಾಯ್ತು. 2024ರಲ್ಲಿ ಮತ್ತೆ ಹಡಗಿನಲ್ಲಿ ಗ್ಯಾಸ್ ತರಿಸಿದ್ರು. 2025ರಲ್ಲಿ ಇಸ್ರೇಲ್ ಜೊತೆ 3,500 ಕೋಟಿ ಡಾಲರಿನ ವ್ಯಾಪಾರ ಅಂತ ಘೋಷಣೆ ಆಯ್ತು."

ದುಡ್ಡು ಪೈಪ್ ಇದ್ದವನಿಗೆ ಎಂದು ಮೇಡಂ ಹೇಳಿದ್ದು ನನಗೆ ಈಗ ಅರ್ಥವಾಯಿತು. ಇದಕ್ಕೆ ಸರಿಯಾಗಿ ಅವರೇ ಇನ್ನೊಂದು ಉದಾಹರಣೆ ತೆಗೆದರು. 2020ರ ಜನವರಿ 2ಕ್ಕೆ ಗ್ರೀಸ್, ಸೈಪ್ರಸ್, ಇಸ್ರೇಲ್ ಮೂವರೂ ಅಥೆನ್ಸಿನಲ್ಲಿ ಕೂತು ಯುರೋಪಿಗೆ ಸುಮಾರು 1,900 ಕಿಲೋಮೀಟರ್ ಪೈಪ್ ಹಾಕುತ್ತೇವೆ ಎಂದು ಸಹಿ ಮಾಡಿದರು. ಟರ್ಕಿಯನ್ನು ಬಿಟ್ಟು ಸುತ್ತು ಹಾಕಿಕೊಂಡು ಹೋಗುವ ಪೈಪ್. ಫೋಟೋ ಚೆನ್ನಾಗಿ ಬಂತು. ಖರ್ಚಿನ ಲೆಕ್ಕ ಚೆನ್ನಾಗಿ ಬರಲಿಲ್ಲ. 2022ರ ಜನವರಿಯಲ್ಲಿ ಅಮೆರಿಕ ಕೈ ತೆಗೆಯಿತು. ಪೈಪ್ ಕಾಗದದಲ್ಲೇ ಉಳಿಯಿತು.

ಅದೇ ವರ್ಷ ಮಾರ್ಚಿನಲ್ಲಿ ಇಸ್ರೇಲ್ ಅಧ್ಯಕ್ಷರು ಟರ್ಕಿಯ ಅಂಕಾರಾಕ್ಕೆ ಹೋಗಿ ಕೈಕುಲುಕಿದರು. 2013ರಿಂದ ಮುಖ ನೋಡದಿದ್ದ ಟರ್ಕಿ, ಈಜಿಪ್ಟ್ ರಾಜಿಯಾಗಿ 2024ರಲ್ಲಿ ಟರ್ಕಿ ಅಧ್ಯಕ್ಷ ಎರ್ದೊಗಾನ್ ಕೈರೋಗೆ ಹೋದರು. ಅಷ್ಟರಲ್ಲಿ ಗಾಜಾ ಯುದ್ಧದಿಂದ ಟರ್ಕಿ, ಇಸ್ರೇಲ್ ಮತ್ತೆ ಹಳಸಿಕೊಂಡಿದ್ದವು.

"ಬರೆದುಕೊಳ್ಳದೆ ಇದನ್ನ ನೆನಪಿಡೋಕಾಗಲ್ಲ" ಎಂದು ಗೌಡರು ದೋಸೆಯ ಅಂಚು ಮುರಿದರು. ಟರ್ಕಿಯ ಕರಾವಳಿ ಒಂದು ತುತ್ತು ಹೋಯಿತು, ಸಾಸಿವೆ ಸಮೇತ.

"ಗ್ರೀಸಿನ ದ್ವೀಪ ತಿಂದ್ರಿ" ಎಂದರು ಮೇಡಂ.

"ಒಂದು ಸಮಸ್ಯೆ ಕಮ್ಮಿ ಆಯ್ತಲ್ಲ."

ಶಿವಣ್ಣನವರಿಗೆ ಇನ್ನೂ ಸಮಾಧಾನ ಇರಲಿಲ್ಲ. "ಇಷ್ಟೆಲ್ಲಾ ಹೇಳಿದ್ರಿ. ಒಂದಾದ್ರೂ ಸರ್ವೆ ಸರಿಯಾಗಿ ಮುಗೀತಾ?"

"ಒಂದು ಮುಗೀತು. ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ. ಲೆಬನಾನ್, ಇಸ್ರೇಲ್. 1948ರಿಂದ ಕಾಗದದ ಮೇಲೆ ಯುದ್ಧದಲ್ಲೇ ಇರೋ ದೇಶಗಳು. ಅಮೆರಿಕದ ಆಮೋಸ್ ಹಾಕ್‌ಸ್ಟೀನ್ ಅನ್ನೋರು ಓಡಾಡಿ ಓಡಾಡಿ 2022ರ ಅಕ್ಟೋಬರ್ 27ಕ್ಕೆ ಮುಗಿಸಿದ್ರು. ಇಬ್ರೂ ಒಂದೇ ಕಾಗದಕ್ಕೆ ಸಹಿ ಹಾಕಲ್ಲ ಅಂದ್ರು. ಬೇರೆ ಬೇರೆ ಕಾಗದಕ್ಕೆ ಹಾಕಿಸಿದ್ರು. ಕರಿಶ್ ನಿಕ್ಷೇಪ ಇಸ್ರೇಲಿಗೆ, ಖಾನಾ ಲೆಬನಾನಿಗೆ."

"ಖಾನಾದಲ್ಲಿ ಎಷ್ಟು ಸಿಕ್ತು?"

"2023ರಲ್ಲಿ ಕೊರೆದು ನೋಡಿದ್ರು. ಮಾರೋಷ್ಟು ಗ್ಯಾಸೇ ಸಿಗಲಿಲ್ಲ."

ಗೌಡರು ಜೋರಾಗಿ ನಕ್ಕರು. ಬಷೀರಣ್ಣನೂ ನಕ್ಕರು. ಶಿವಣ್ಣನವರು ನಗಲಿಲ್ಲ.

"ಗ್ಯಾಸ್ ಹಾಳಾಗ್ಲಿ. ಆ ಗೆರೆ?"

"2024ರಲ್ಲಿ ಅವರಿಬ್ಬರ ಮಧ್ಯೆ ಯುದ್ಧನೇ ಆಯ್ತು. ಆಗ್ಲೂ ಗೆರೆ ರದ್ದಾಗಲಿಲ್ಲ."

"ಅಬ್ಬಾ" ಎಂದು ಶಿವಣ್ಣನವರು ಬಜ್ಜಿಗೆ ಕೈ ಹಾಕಿದರು. "ಅಳತೆ ಮಾಡಿದೋನು ಯಾರೋ, ಒಳ್ಳೆ ಕೆಲಸಗಾರ."