ಒಮ್ಮೆ ಕಾಯಿಸಿದ ಟಂಗ್‌ಸ್ಟನ್ ಹೀಟರ್ ತಣ್ಣಗಾದ ಮೇಲೆ ಗಾಜಿನಂತೆ ಮುರಿಯುವುದೇಕೆ?

ಪ್ರಶ್ನೆ – ಕುಲುಮೆಕೋಣೆ

ನಮಸ್ಕಾರ. ಸೆರಾಮಿಕ್ ಬಿಲ್ಲೆಗಳನ್ನು ಸಿಂಟರ್ ಮಾಡಲು (ಪುಡಿಯನ್ನು ಕರಗಿಸದೆ ಕಾಯಿಸಿ ಗಟ್ಟಿಯಾಗಿ ಬೆಸೆಯಲು) ನಮ್ಮ ಪ್ರಯೋಗಾಲಯದಲ್ಲಿ ಒಂದು ಸಣ್ಣ ವ್ಯಾಕ್ಯೂಮ್ ಫರ್ನೇಸ್ ಇದೆ. ಅದಕ್ಕೆ 1.5 ಮಿಲಿಮೀಟರ್ ದಪ್ಪದ ಶುದ್ಧ ಟಂಗ್‌ಸ್ಟನ್ ತಂತಿಯ ಹೊಸ ಹೀಟರ್ ಕೂರಿಸಿ, 1800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಓಡಿಸಿದೆವು. ಕೆಲಸವೇನೋ ಸುಸೂತ್ರವಾಗಿ ಮುಗಿಯಿತು. ಮರುದಿನ ಒಂದು ಎಳೆ ತುಸು ಡೊಂಕಾಗಿರುವುದನ್ನು ಕಂಡು ಇಕ್ಕಳದಿಂದ ಮೆಲ್ಲಗೆ ಸರಿಪಡಿಸಹೋದಾಗ ಅದು ಚಟ್ಟನೆ ಮುರಿಯಿತು. ಮುರಿದ ತುದಿಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಕಲ್ಲುಸಕ್ಕರೆಯ ಹರಳುಗಳಂತೆ ಚಪ್ಪಟೆ ಮುಖಗಳು ಹೊಳೆಯುತ್ತಿದ್ದವು. 3422 ಡಿಗ್ರಿಯಲ್ಲಿ ಕರಗುವ ಲೋಹವು ಅದರ ಅರ್ಧದಷ್ಟು ಬಿಸಿಗೇ ಹೀಗೇಕಾಯಿತು? ತಂತಿಯೇ ಕಳಪೆಯದೋ, ನಮ್ಮ ಬಳಕೆಯಲ್ಲಿ ತಪ್ಪಿದೆಯೋ? ಮುಂದಿನ ಬಾರಿ ಪೊಟ್ಯಾಸಿಯಂ ಸೇರಿಸಿದ ತಂತಿ ತರಿಸಬೇಕೇ, ರೀನಿಯಂ ಮಿಶ್ರಲೋಹವೇ?

ಉತ್ತರ 1 – ಲೋಹಪಾಠ

ತಂತಿ ಕಳಪೆಯದೆಂದು ಹೇಳಲು ನಿಮ್ಮ ವಿವರಣೆಯಲ್ಲಿ ಏನೂ ಇಲ್ಲ; ಶುದ್ಧ ಟಂಗ್‌ಸ್ಟನ್ ಇದ್ದುದೇ ಹೀಗೆ. ಇದರ ಹರಳುರಚನೆ ಘನದ ಮೂಲೆಗಳಲ್ಲೂ ನಟ್ಟನಡುವೆಯೂ ಪರಮಾಣುಗಳಿರುವ ಬಗೆಯದು. ಲೋಹ ಬಾಗುವುದು ಅದರ ಡಿಸ್‌ಲೊಕೇಶನ್‌ಗಳು, ಎಂದರೆ ಪರಮಾಣು ಸಾಲುಗಳಲ್ಲಿನ ದೋಷಗಳು, ಸರಿದಾಗ; ಈ ಬಗೆಯ ಲೋಹದಲ್ಲಿ ಅವು ಸರಿಯಲು ಶಾಖದ ನೆರವು ಬೇಕು, ಟಂಗ್‌ಸ್ಟನ್‌ಗಂತೂ ಅದು ಬಹಳವೇ ಬೇಕು. ಶಾಖ ಸಾಲದಿದ್ದರೆ ಲೋಹ ಬಾಗುವ ಬದಲು ಬಿರಿಯುತ್ತದೆ. ಅಂಗಡಿಯಿಂದ ಬಂದ ತಂತಿ ಬಾಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಅದನ್ನು ಬಿಸಿಯಲ್ಲಿ ಬಡಿದು, ಅಚ್ಚುಗಳ ಮೂಲಕ ಮತ್ತೆ ಮತ್ತೆ ಎಳೆದಿರುವುದರಿಂದ ಅದರೊಳಗಿನ ಗ್ರೇನ್‌ಗಳು (ಲೋಹದೊಳಗಿನ ಸಣ್ಣ ಹರಳುಗಳು) ತೆಂಗಿನ ನಾರಿನಂತೆ ಉದ್ದುದ್ದವಾಗಿ ಒತ್ತಾಗಿ ಕೂತಿರುತ್ತವೆ, ಅಡ್ಡಲಾಗಿ ಹೊರಟ ಬಿರುಕಿಗೆ ನೇರ ದಾರಿ ಸಿಗುವುದಿಲ್ಲ. ಬಾಗುವ ಗುಣ ಬಂದದ್ದು ಈ ನಾರುರಚನೆಯಿಂದ.

ಶುದ್ಧ ಟಂಗ್‌ಸ್ಟನ್ ಸುಮಾರು 1200ರಿಂದ 1400 ಡಿಗ್ರಿಯ ನಡುವೆ ಪುನರ್‌ಸ್ಫಟಿಕಗೊಳ್ಳುತ್ತದೆ. ಎಂದರೆ ನಾರುಗಳು ಅಳಿದು ಅವುಗಳ ಜಾಗದಲ್ಲಿ ಹೊಸ, ದುಂಡನೆಯ ಗ್ರೇನ್‌ಗಳು ಹುಟ್ಟುತ್ತವೆ. ನೀವು ಕಂಡ ಕಲ್ಲುಸಕ್ಕರೆ ಅದೇ. ಈಗ ಗ್ರೇನ್‌ಗಳ ಅಂಚುಗಳು ತಂತಿಗೆ ಅಡ್ಡಲಾಗಿ ಹಾದುಹೋಗುತ್ತವೆ, ಆಮ್ಲಜನಕದಂತಹ ಕಶ್ಮಲಗಳು ಆ ಅಂಚುಗಳಲ್ಲೇ ಸೇರಿಕೊಂಡು ಹಿಡಿತವನ್ನು ಸಡಿಲಿಸುತ್ತವೆ. ಇಂತಹ ಲೋಹ ಬಾಗಬೇಕಾದರೆ 300–400 ಡಿಗ್ರಿಯಾದರೂ ಬೇಕಾಗಬಹುದು. ಆದ್ದರಿಂದ ನಿಮ್ಮ ಹೀಟರ್ 1800ರಲ್ಲಿ ಮೆತ್ತಗಿದ್ದು ತಣ್ಣಗಾದ ಮೇಲೆ ಪೆಡಸಾಯಿತು. ಫ್ರಾನ್ಸ್‌ನ ಈಟರ್ ಪರಮಾಣು ಸಮ್ಮಿಲನ ಸ್ಥಾವರದ ಡೈವರ್ಟರ್‌ನಲ್ಲಿ (ಶಾಖವನ್ನೂ ಕಸವನ್ನೂ ಹೊರಸಾಗಿಸುವ ತಳಭಾಗದಲ್ಲಿ) ಪ್ಲಾಸ್ಮಾಗೆ, ಎಂದರೆ ಅತಿ ಬಿಸಿಯಾದ ಅಯಾನಿತ ಅನಿಲಕ್ಕೆ, ಎದುರಾಗುವ ಮೈಯೂ ಟಂಗ್‌ಸ್ಟನ್ನಿನದೇ. ಚದರ ಮೀಟರಿಗೆ 10 ಮೆಗಾವಾಟ್‌ನಷ್ಟು ಶಾಖವನ್ನು ತಾಳಬೇಕಾದ ಆ ವಿನ್ಯಾಸದಲ್ಲೂ ಪುನರ್‌ಸ್ಫಟಿಕೀಕರಣ ಒಂದು ದೊಡ್ಡ ಚಿಂತೆ.

ನಿಮ್ಮ ಎಳೆ ಡೊಂಕಾದದ್ದೇಕೆ ಎಂಬುದನ್ನೂ ನೋಡಬೇಕು. ಅರ್ಧ ಮೀಟರ್ ಉದ್ದದ ಟಂಗ್‌ಸ್ಟನ್ ಎಳೆ 1800 ಡಿಗ್ರಿಗೆ ಏರುವಷ್ಟರಲ್ಲಿ ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ. ಎರಡೂ ತುದಿಗಳನ್ನು ಬಿಗಿದಿದ್ದರೆ ಅದಕ್ಕೆ ಹಿಗ್ಗಲು ಜಾಗವಿಲ್ಲದೆ ಬಿಸಿಯಲ್ಲೇ ಬಾಗಿ, ಆ ಬಾಗಿನಲ್ಲೇ ನೆಲೆಗೊಂಡು, ಕುಗ್ಗುವಾಗ ಎಳೆತಕ್ಕೆ ಸಿಲುಕುತ್ತದೆ. ನಿಮ್ಮ ಇಕ್ಕಳ ಮುಟ್ಟುವ ಮೊದಲೇ ಆ ತಂತಿ ಒತ್ತಡದಲ್ಲಿದ್ದಿರಬಹುದು.

ಉತ್ತರ 2 – ತಂತಿ ಮತ್ತು ಅಚ್ಚು

ನಾನು ಹಲವು ವರ್ಷ ಬಲ್ಬಿನ ಫಿಲಮೆಂಟ್ ತಂತಿಯ ಕೆಲಸದಲ್ಲಿದ್ದವನು. ಪೊಟ್ಯಾಸಿಯಂ ತಂತಿಯ ಬಗ್ಗೆ ಹೇಳಬಲ್ಲೆ.

1910ರ ಹೊತ್ತಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ವಿಲಿಯಂ ಕೂಲಿಡ್ಜ್ ಅವರು ಟಂಗ್‌ಸ್ಟನ್ನನ್ನು ತಂತಿಯಾಗಿ ಎಳೆಯುವ ವಿಧಾನವನ್ನು ಸಾಧಿಸಿದರೂ, ಶುದ್ಧ ತಂತಿಯ ಫಿಲಮೆಂಟ್ ಉರಿಯುತ್ತ ಉರಿಯುತ್ತ ಜೋತುಬೀಳುತ್ತಿತ್ತು, ಅಡ್ಡ ಅಂಚುಗಳಲ್ಲಿ ಗ್ರೇನ್‌ಗಳು ಒಂದರ ಪಕ್ಕಕ್ಕೊಂದು ಜಾರಿ ಅದು ತುಂಡಾಗುತ್ತಿತ್ತು. ಇದಕ್ಕೆ ಸಿಕ್ಕ ಪರಿಹಾರ ಬಹಳ ಸೊಗಸಾದದ್ದು. ಟಂಗ್‌ಸ್ಟನ್ ಆಕ್ಸೈಡ್ ಪುಡಿಗೆ ಪೊಟ್ಯಾಸಿಯಂ, ಸಿಲಿಕಾನ್, ಅಲ್ಯೂಮಿನಿಯಂಗಳ ಸಂಯುಕ್ತಗಳನ್ನು ಬೆರೆಸಿ, ಹೈಡ್ರೋಜನ್‌ನಲ್ಲಿ ಲೋಹದ ಪುಡಿಯಾಗಿಸಿ ಸಿಂಟರ್ ಮಾಡುತ್ತಾರೆ. ಸಿಲಿಕಾನ್, ಅಲ್ಯೂಮಿನಿಯಂಗಳು ಬಹುಪಾಲು ಹೊರಟುಹೋಗುತ್ತವೆ. ಪೊಟ್ಯಾಸಿಯಂನ ಪರಮಾಣು ಟಂಗ್‌ಸ್ಟನ್ನಿನಲ್ಲಿ ಕರಗಲಾರದಷ್ಟು ದೊಡ್ಡದು; ಹೊರಬರಲಾರದೆ ಅದು ಹತ್ತು ಲಕ್ಷದಲ್ಲಿ ಕೆಲವೇ ಹತ್ತು ಪಾಲಿನಷ್ಟು ಒಳಗೇ ಉಳಿಯುತ್ತದೆ. ತಂತಿ ಎಳೆದಾಗ ಅದೂ ಉದ್ದಕ್ಕೆ ಎಳೆಯಲ್ಪಟ್ಟು, ಮತ್ತೆ ಕಾಯಿಸಿದಾಗ ನ್ಯಾನೋಮೀಟರ್ ಅಳತೆಯ ಗುಳ್ಳೆಗಳ ಸಾಲಾಗಿ ಒಡೆಯುತ್ತದೆ. ಗ್ರೇನ್‌ನ ಅಂಚು ಆ ಸಾಲನ್ನು ದಾಟಲಾಗದೆ ತಂತಿಯ ಉದ್ದಕ್ಕೇ ಬೆಳೆಯಬೇಕಾಗುತ್ತದೆ. ಹೀಗೆ ಪುನರ್‌ಸ್ಫಟಿಕೀಕರಣ 1800 ಡಿಗ್ರಿಯಿಂದಾಚೆಗೆ ಸರಿಯುತ್ತದೆ, ಆದಾಗಲೂ ಒಂದಕ್ಕೊಂದು ಹಲ್ಲುಕಚ್ಚಿದ ಉದ್ದನೆಯ ಗ್ರೇನ್‌ಗಳೇ ಹುಟ್ಟುತ್ತವೆ.

ಆದರೆ ಈ ಗುಣ ಕೂದಲೆಳೆಯಂತಹ ತಂತಿಯಲ್ಲಿ ಕಾಣಿಸುವಷ್ಟು ನಿಮ್ಮ 1.5 ಮಿಲಿಮೀಟರ್ ತಂತಿಯಲ್ಲಿ ಕಾಣಿಸದು, ಏಕೆಂದರೆ ದಪ್ಪ ತಂತಿ ಅಷ್ಟು ಅಚ್ಚುಗಳನ್ನು ದಾಟಿರುವುದಿಲ್ಲ. ಶುದ್ಧ ತಂತಿಗಿಂತ ಖಂಡಿತ ಮೇಲು. ಆದರೂ ಒಮ್ಮೆ ಉರಿಸಿದ ಮೇಲೆ ತಣ್ಣಗೆ ಬಾಗಿಸಬಹುದೆಂದು ನಂಬಿ ಕೈಹಾಕಬೇಡಿ.

ಉತ್ತರ 3 – ಅಧಿಕತಾಪ

ರೀನಿಯಂ ನಿಜಕ್ಕೂ ಟಂಗ್‌ಸ್ಟನ್ನಿನ ಸ್ವಭಾವವನ್ನೇ ಬದಲಿಸುತ್ತದೆ. ಶೇಕಡ 26ರಷ್ಟು ರೀನಿಯಂ ಇರುವ ತಂತಿ ಪುನರ್‌ಸ್ಫಟಿಕಗೊಂಡ ಮೇಲೂ ಸ್ವಲ್ಪ ಬಾಗುವ ಗುಣವನ್ನು ಉಳಿಸಿಕೊಳ್ಳುತ್ತದೆ. 2300 ಡಿಗ್ರಿಯವರೆಗೆ ಅಳೆಯುವ ಸಿ ಮಾದರಿಯ ಥರ್ಮೋಕಪಲ್‌ನ (ಎರಡು ತಂತಿಗಳ ತಾಪಮಾಪಕದ) ಎರಡೂ ತಂತಿಗಳು, ಶೇಕಡ 5 ಮತ್ತು ಶೇಕಡ 26ರವು, ಈ ಕುಟುಂಬದವೇ. ಇನ್ನೂ ಹೆಚ್ಚು ಬೆರೆಸಿದರೆ ಸಿಗ್ಮಾ ಎಂಬ ಪೆಡಸು ಹರಳುರೂಪ ಹುಟ್ಟಿ ಲಾಭವೆಲ್ಲ ಕೈತಪ್ಪುತ್ತದೆ. ಆದರೆ ಇಡೀ ಹೀಟರಿಗೆ ಅಷ್ಟು ರೀನಿಯಂ ಸುರಿಯುವುದು ನನಗಂತೂ ದುಂದೆನಿಸುತ್ತದೆ.

ಒಂದು ವಿಷಯ ಕೇಳಬೇಕು. ಶಾಖತಡೆ ಹಾಳೆಗಳ ಮೇಲೆ ಕಪ್ಪು ಕಂಡಿದೆಯೇ? ಕುಲುಮೆಯಲ್ಲಿ ತೇವ ಉಳಿದಿದ್ದರೆ ನೀರಾವಿಯು ಬಿಸಿ ಟಂಗ್‌ಸ್ಟನ್ನನ್ನು ಆಕ್ಸೈಡ್ ಮಾಡಿ ಹಾರಿಸುತ್ತದೆ. ಆ ಆಕ್ಸೈಡ್ ತಣ್ಣನೆಯ ಗೋಡೆಯ ಮೇಲೆ ಕೂತು, ಅಲ್ಲಿ ಆ ನೀರಾವಿಯಿಂದಲೇ ಬಿಡುಗಡೆಯಾದ ಹೈಡ್ರೋಜನ್‌ನಿಂದ ಮತ್ತೆ ಲೋಹವಾಗಿ ನೀರಾವಿಯನ್ನು ಬಿಟ್ಟುಕೊಡುತ್ತದೆ. ಅದೇ ನೀರು ತಿರುಗಿ ತಂತಿಯನ್ನು ತಿನ್ನುತ್ತದೆ. ನಿಕ್ಕಲ್ ಸಹ ಶತ್ರುವೇ: ಸ್ಟೇನ್‌ಲೆಸ್ ಸ್ಟೀಲ್ ತಿರುಪಿನ ಚೂರೊಂದು ತಾಗಿಕೊಂಡರೂ ಆ ಜಾಗದಲ್ಲಿ ಪುನರ್‌ಸ್ಫಟಿಕೀಕರಣ ನೂರಾರು ಡಿಗ್ರಿ ಮೊದಲೇ ಶುರುವಾಗುತ್ತದೆ.

ಕುಲುಮೆಕೋಣೆ

ಎಲ್ಲರಿಗೂ ವಂದನೆಗಳು. ಹಾಳೆಗಳ ಕೆಳಭಾಗದಲ್ಲಿ ಕಪ್ಪು ಇರುವುದು ನಿಜ. ಬಾಗಿಲು ತೆರೆದಿಟ್ಟ ದಿನಗಳಲ್ಲಿ ತೇವ ಸೇರಿರಬೇಕು. ಎರಡೂ ತುದಿಗಳನ್ನು ತಾಮ್ರದ ಹಿಡಿಕೆಗಳಲ್ಲಿ ಬಿಗಿದಿದ್ದೂ ನಿಜ. ಪೊಟ್ಯಾಸಿಯಂ ತಂತಿ ತರಿಸಿ, ಎಳೆಗಳನ್ನು ಯು ಆಕಾರದಲ್ಲಿ ಬಾಗಿಸಿ ಕೆಳತುದಿಯನ್ನು ತೂಗುಬಿಡಲು ನಿರ್ಧರಿಸಿದ್ದೇವೆ. ಹೊಸ ತಂತಿಯನ್ನು ತಣ್ಣಗಿರುವಾಗಲೇ ಬಾಗಿಸಬಹುದೇ?

ತಂತಿ ಮತ್ತು ಅಚ್ಚು

ಆ ದಪ್ಪಕ್ಕೆ ಬೇಡ, ನಾರುಗಳು ಉದ್ದಕ್ಕೆ ಸೀಳಿಬಿಡುತ್ತವೆ. ಬಾಗಿಸುವ ಜಾಗವನ್ನು ಗ್ಯಾಸ್ ಉರಿಯಲ್ಲಿ ಮಬ್ಬುಗೆಂಪಾಗುವಷ್ಟು ಮಾತ್ರ ಕಾಯಿಸಿ, ತಂತಿಗಿಂತ ಕೆಲವು ಪಟ್ಟು ದಪ್ಪದ ಸರಳಿಗೆ ಸುತ್ತಿ ನಿಧಾನವಾಗಿ ಬಾಗಿಸಿ. ಮೇಲೆ ಹತ್ತಿದ ಹಳದಿ ಅಥವಾ ನೀಲಿ ಆಕ್ಸೈಡನ್ನು ಪೂರ್ತಿ ಉಜ್ಜಿ ತೆಗೆದ ಮೇಲಷ್ಟೇ ಕುಲುಮೆಗೆ ಇಳಿಸಿ. ಮೊದಲ ಸಲ ಬಿಸಿ ಏರಿಸುವಾಗ ಕೆಲವು ನೂರು ಡಿಗ್ರಿಗಳಲ್ಲಿ ನಿಲ್ಲಿಸಿ, ತೇವವೆಲ್ಲ ಪಂಪಿಗೆ ಹೋಗಲು ಬಿಟ್ಟು ಮುಂದುವರಿಯಿರಿ.